ಮಡಿಚಿದ ಮಂಡಿ ಬಿಗಿದು ನಿಲ್ಲದಿರಲಿ

ಬೇಸಾಯದ ಕೆಲಸಗಳಲ್ಲಿ ಮಂಡಿಗೆ ಬಿಡುವೆಂಬುದೇ ಇಲ್ಲ. ಕಳೆ ಕೀಳುವುದು, ರಾಗಿ ಕೊಯ್ಯುವುದು, ಹಾಲು ಕರೆಯುವುದು ಇವೆಲ್ಲ ಕುಕ್ಕರುಗಾಲಿನಲ್ಲಿ ಕುಳಿತು ಮಾಡುವ ಕೆಲಸಗಳು. ಬದುವಿನ ಮೇಲೆ ಹೊರೆ ಹೊತ್ತು ನಡೆಯಲು, ನೇಗಿಲ ಹಿಂದೆ ಸಾಗಲು ಮಂಡಿ ನೇರವಾಗಿ ನಿಲ್ಲಬೇಕು. ಹೀಗೆ ಮಡಿಚಲೂ ಬರಬೇಕು, ನೀಡಲೂ ಬರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ರೈತನ ದುಡಿಮೆ ಅರ್ಧಕ್ಕರ್ಧ ಕುಂದುತ್ತದೆ. ಆದರೂ ಮಂಡಿ ಮಡಿಚಿದಂತೆಯೇ ಬಿಗಿದುಕೊಳ್ಳುವ ತೊಂದರೆಯ ಬಗ್ಗೆ ನಮ್ಮ ಹಳ್ಳಿಗಳಲ್ಲಿ ತಿಳಿವಳಿಕೆ ಕಡಿಮೆ. ಬಿಗಿತ ಪೂರ್ತಿಯಾಗಿ ಕೂತ ಮೇಲೆಯೇ ಬಹಳ ಮಂದಿ ವೈದ್ಯರ ಬಳಿಗೆ ಹೋಗುತ್ತಾರೆ.

ಮಾಗಡಿ ತಾಲ್ಲೂಕಿನ ನನ್ನ ಪರಿಚಿತ ರೈತರೊಬ್ಬರು ಒಂದು ಮಳೆಗಾಲದಲ್ಲಿ ಬದುವಿನಿಂದ ಜಾರಿ ಬಿದ್ದು, ಮಂಡಿಯ ಕೆಳಗಿನ ಮೂಳೆ ಮುರಿದುಕೊಂಡರು. ಬೆಂಗಳೂರಿನಲ್ಲಿ ಚಿಕಿತ್ಸೆಯಾಯಿತು. ಆಮೇಲೆ ಬಿನ್ನಿಪೇಟೆಯಲ್ಲಿದ್ದ ಮಗನ ಮನೆಯಲ್ಲಿ ಮೂರು ತಿಂಗಳು ಉಳಿದರು. 1884ರಲ್ಲಿ ಆರಂಭವಾದ ಬಟ್ಟೆ ಗಿರಣಿಯ ಸುತ್ತ ಬೆಳೆದ ಬಡಾವಣೆ ಅದು. ಗಿರಣಿ ಇಂದು ನಡೆಯುತ್ತಿಲ್ಲ. ಆದರೆ ಗಿರಣಿ ಕೆಲಸಕ್ಕೆಂದು ಹಿಂದೆ ಹಳ್ಳಿ ಬಿಟ್ಟು ಬಂದು ಅಲ್ಲಿಯೇ ನೆಲೆಸಿದ ಮನೆತನಗಳು ಈಗಲೂ ಇವೆ. ಊರಿನಿಂದ ಚಿಕಿತ್ಸೆಗೆ ಬಂದ ಹಿರಿಯರಿಗೆ ಅಂಥ ಮನೆಗಳೇ ಆಸರೆ. ಸೊಸೆ ಬಹಳ ಅಕ್ಕರೆಯಿಂದ ನೋಡಿಕೊಂಡಳು. "ಮಾವ, ಕಾಲು ನೋಯ್ತಿದೆಯಾ? ಇರಿ, ಮಂಡಿ ಕೆಳಗೆ ಇನ್ನೊಂದು ದಿಂಬು ಇಡ್ತೀನಿ" ಎನ್ನುವಳು. ದಿಂಬು ಇಟ್ಟರೆ ನೋವು ತಗ್ಗುತ್ತಿತ್ತು. ಕಟ್ಟು ಬಿಚ್ಚಿದ ಮೇಲೂ ದಿಂಬು ಹಾಗೆಯೇ ಉಳಿಯಿತು. ರಾಗಿ ಕೊಯ್ಲಿಗೆಂದು ಊರಿಗೆ ಹೊರಟಾಗ ಮೂಳೆ ಕೂಡಿತ್ತು, ಕಾಲು ಮಾತ್ರ ನೇರವಾಗಲಿಲ್ಲ. ಹಿಮ್ಮಡಿ ನೆಲಕ್ಕೆ ತಾಗದೆ, ತುದಿಗಾಲಿನ ಮೇಲೆ ಕುಂಟುತ್ತಾ ಅವರು ಬಸ್ಸು ಹತ್ತಿದರು.

ಇಲ್ಲಿ ಯಾರ ಅಲಕ್ಷ್ಯವೂ ಇರಲಿಲ್ಲ. ನೋವಿಗೆ ಹಿತವಾದ ಭಂಗಿಯೇ ಮಂಡಿಗೆ ಅಪಾಯಕರ ಎಂಬ ಒಂದು ಸಂಗತಿ ಆ ಮನೆಯವರಿಗೆ ತಿಳಿದಿರಲಿಲ್ಲ, ಅಷ್ಟೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬಿಗಿತ ಉಂಟಾಗುವ ಬಗೆ

ತೊಡೆಯ ಮೂಳೆ, ಕೆಳಗಾಲಿನ ಮೂಳೆ ಮತ್ತು ಮಂಡಿಚಿಪ್ಪು ಸೇರಿ ಮಂಡಿಯ ಕೀಲು ಆಗಿದೆ. ಇದರ ಸುತ್ತ ಚೀಲದಂತಹ ಒಂದು ಪೊರೆಯಿದ್ದು, ಒಳಗೆ ಎಣ್ಣೆಯಂತೆ ಜಾರುವ ದ್ರವವಿರುತ್ತದೆ. ತೊಡೆಯ ಮುಂಭಾಗದ ಸ್ನಾಯುಗಳು ಕಾಲನ್ನು ನೀಡುತ್ತವೆ, ಹಿಂಭಾಗದ ಸ್ನಾಯುಗಳು ಮಡಿಚುತ್ತವೆ.

ಪೆಟ್ಟು, ಸೋಂಕು ಅಥವಾ ಬೇರೆ ಕಾರಣದಿಂದ ಕೀಲಿನಲ್ಲಿ ನೀರು, ರಕ್ತ ಅಥವಾ ಕೀವು ತುಂಬಿದರೆ ಪೊರೆ ಬಿಗಿದು ನೋಯುತ್ತದೆ. ಮಂಡಿಯನ್ನು ಸ್ವಲ್ಪ ಮಡಿಚಿದರೆ ಪೊರೆಯ ಒಳಗೆ ಹೆಚ್ಚು ಜಾಗವಾಗುವುದರಿಂದ ಒತ್ತಡ ಇಳಿದು ನೋವು ಕಡಿಮೆಯಾಗುತ್ತದೆ. ಆದ್ದರಿಂದಲೇ ನೋವಿರುವ ರೋಗಿ ತನಗೆ ಅರಿವಿಲ್ಲದಂತೆಯೇ ಕಾಲು ಮಡಿಚಿ ಮಲಗುತ್ತಾನೆ.

ಕಾಲು ಹೀಗೆ ವಾರಗಟ್ಟಲೆ ಇದ್ದರೆ ಎರಡು ಬದಲಾವಣೆಗಳು ಆಗುತ್ತವೆ. ಮೊದಲನೆಯದಾಗಿ, ಹಿಂಭಾಗದ ಸ್ನಾಯುಗಳು ಆ ಗಿಡ್ಡ ಅಳತೆಗೇ ಹೊಂದಿಕೊಂಡು ನಿಜವಾಗಿಯೂ ಗಿಡ್ಡವಾಗುತ್ತವೆ. ಎರಡನೆಯದಾಗಿ, ಮಂಡಿಯ ಹಿಂದಿನ ಪೊರೆ ದಪ್ಪವಾಗಿ ಕುಗ್ಗಿ, ಅದರ ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ನೋವಿನ ಮೂಲ ಕಾರಣ ಗುಣವಾದರೂ ಕಾಲು ನೇರವಾಗುವುದಿಲ್ಲ. ಇದನ್ನೇ ವೈದ್ಯರು ಕಾಂಟ್ರ್ಯಾಕ್ಚರ್ ಎನ್ನುತ್ತಾರೆ. ಮೊದಲ ವಾರಗಳಲ್ಲಿ ವ್ಯಾಯಾಮದಿಂದಲೇ ಸರಿಹೋಗಬಹುದಾದದ್ದು ತಿಂಗಳುಗಳು ಕಳೆದರೆ ಪಟ್ಟಿ, ಎಳೆತ ಮತ್ತು ಶಸ್ತ್ರಕ್ರಿಯೆಯ ಹಂತಕ್ಕೆ ಹೋಗುತ್ತದೆ.

ಮಡಿಚಿದ ಮಂಡಿಯ ಮೇಲೆ ನಿಲ್ಲುವುದು ಎಷ್ಟು ಕಷ್ಟವೆಂಬುದನ್ನು ನೀವೇ ಪರೀಕ್ಷಿಸಬಹುದು. ಎರಡೂ ಮಂಡಿಗಳನ್ನು ತುಸು ಬಗ್ಗಿಸಿ ಎರಡು ನಿಮಿಷ ನಿಂತು ನೋಡಿ, ತೊಡೆ ನಡುಗತೊಡಗುತ್ತದೆ. ನೇರವಾದ ಮಂಡಿ ಮೂಳೆಯ ಆಧಾರದಿಂದ ನಿಲ್ಲುತ್ತದೆ, ಬಾಗಿದ ಮಂಡಿ ಸ್ನಾಯುವಿನ ಬಲದಿಂದ ನಿಲ್ಲಬೇಕು. ಬಾಗು 15 ಡಿಗ್ರಿಯಿಂದ 30 ಡಿಗ್ರಿಗೆ ಏರಿದರೆ ತೊಡೆಯ ಸ್ನಾಯು ಹಾಕಬೇಕಾದ ಬಲ ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಆ ಕಾಲು ಗಿಡ್ಡವಾದಂತಾಗಿ ಸೊಂಟ, ಬೆನ್ನು ಮತ್ತು ಇನ್ನೊಂದು ಮಂಡಿಯ ಮೇಲೂ ಭಾರ ಬೀಳುತ್ತದೆ.

ಬಿಗಿತಕ್ಕೆ ದಾರಿಮಾಡುವ ಕಾಯಿಲೆಗಳು

ಮಂಡಿಯ ಬಿಗಿತ ತಾನಾಗಿ ಬರುವುದು ಅಪರೂಪ. ಅದರ ಹಿಂದೆ ಬೇರೊಂದು ಕಾಯಿಲೆ ಇದ್ದೇ ಇರುತ್ತದೆ. ಅದನ್ನು ಗುರುತಿಸದೆ ಕಾಲು ಮಾತ್ರ ನೀವಿದರೆ ಪ್ರಯೋಜನವಿಲ್ಲ.

1. ಕೀಲಿನ ಸೋಂಕು: ಮಗುವಿಗೆ ಜ್ವರ ಬಂದು, ಮಂಡಿ ಊದಿ, ಕಾಲು ಮುಟ್ಟಿದರೆ ಚೀರುತ್ತಿದ್ದರೆ ಕೀಲಿನಲ್ಲಿ ಕೀವಾಗಿರುವ ಸಂಭವವುಂಟು. ಇದು ಆ ದಿನವೇ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ. ತಡವಾದರೆ ಕೀವು ಮೃದ್ವಸ್ಥಿಯನ್ನು ತಿಂದುಹಾಕಿ ಕೀಲು ಶಾಶ್ವತವಾಗಿ ಕೆಡುತ್ತದೆ. ಕ್ಷಯರೋಗವು ಇದಕ್ಕೆ ವಿರುದ್ಧವಾಗಿ ನಿಧಾನವಾಗಿ ಬರುತ್ತದೆ. ತಿಂಗಳುಗಟ್ಟಲೆ ಊತ, ತೊಡೆ ಸೊರಗುವುದು, ಮಂಡಿ ದಿನೇ ದಿನೇ ಮಡಿಚಿಕೊಳ್ಳುವುದು ಇದರ ಲಕ್ಷಣ. ಕ್ಷಯದ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ.

ಹೈನುಗಾರರು ಇನ್ನೊಂದು ಸೋಂಕನ್ನು ನೆನಪಿಡಬೇಕು. ಜಾನುವಾರುಗಳಲ್ಲಿ ಕಂದು ಹಾಕಿಸುವ ಬ್ರುಸೆಲ್ಲೋಸಿಸ್ ರೋಗ ಮನುಷ್ಯರಿಗೂ ತಗಲಿ, ಬಿಟ್ಟು ಬಿಟ್ಟು ಬರುವ ಜ್ವರ ಮತ್ತು ಸೊಂಟ, ಮಂಡಿಗಳ ನೋವನ್ನು ತರುತ್ತದೆ. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಬಾರದು. ಹಾಲನ್ನು ಕಾಯಿಸಿಯೇ ಕುಡಿಯಬೇಕು. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಈ ರೋಗದ ವಿರುದ್ಧ ಲಸಿಕೆ ಹಾಕಿಸಬೇಕು.

2. ಪಾರ್ಶ್ವವಾಯು ಮತ್ತು ಪೋಲಿಯೊ: ನರಗಳ ತೊಂದರೆಯಿಂದ ಕೆಲವು ಸ್ನಾಯುಗಳು ಸೋತು, ಉಳಿದವು ಎಳೆಯುತ್ತಿದ್ದರೆ ಕೀಲು ಬಲವಿರುವ ಕಡೆಗೆ ವಾಲಿ ಬಿಗಿಯುತ್ತದೆ. ಭಾರತದಲ್ಲಿ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. 2014ರ ಮಾರ್ಚ್‌ನಲ್ಲಿ ನಮ್ಮ ದೇಶ ಪೋಲಿಯೊ ಮುಕ್ತವೆಂದು ಘೋಷಿತವಾಯಿತು. ಆದರೆ ಅದಕ್ಕೆ ಮುಂಚೆ ಪೋಲಿಯೊ ತಗಲಿದವರಲ್ಲಿ ಅನೇಕರು ತೊಡೆಯ ಮೇಲೆ ಕೈ ಊರಿ ನಡೆಯುವುದನ್ನು ಈಗಲೂ ಕಾಣುತ್ತೇವೆ. ಲಕ್ವ ಹೊಡೆದು ಮಲಗಿದ ಹಿರಿಯರಲ್ಲಿಯೂ ಮೊದಲ ದಿನಗಳಿಂದಲೇ ಕಾಲು ನೀಡಿಸದಿದ್ದರೆ ಇದೇ ಗತಿಯಾಗುತ್ತದೆ.

3. ಕುಸುಮ ರೋಗ: ಹಿಮೊಫಿಲಿಯಾ ಎಂದೂ ಕರೆಯುವ ಈ ರೋಗ ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣುತ್ತದೆ. ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಸಣ್ಣ ಪೆಟ್ಟಿಗೂ ಮಂಡಿಯೊಳಗೆ ರಕ್ತ ಸೋರಿ ಊದಿಕೊಳ್ಳುತ್ತದೆ. ಪದೇ ಪದೇ ಹೀಗಾದರೆ ಮಂಡಿ ಮಡಿಚಿ ನಿಲ್ಲುತ್ತದೆ. ಹುಡುಗನ ಸೋದರಮಾವನಿಗೂ ಹೀಗೆಯೇ ಇದ್ದಿತೆಂದು ಮನೆಯವರು ಹೇಳಿದರೆ ಈ ರೋಗದ ಅನುಮಾನ ಬಲವಾಗಬೇಕು. ಇಂಥ ಹುಡುಗರಿಗೆ ಮಾಂಸಖಂಡಕ್ಕೆ ಚುಚ್ಚುಮದ್ದು ಕೊಡಿಸುವುದು, ಮಂಡಿಯನ್ನು ತಿಕ್ಕಿಸುವುದು ಸಲ್ಲದು. ದಾವಣಗೆರೆಯಲ್ಲಿರುವ ಕರ್ನಾಟಕ ಹಿಮೊಫಿಲಿಯಾ ಸೊಸೈಟಿ ಈ ರೋಗಿಗಳಿಗಾಗಿ ಕೆಲಸ ಮಾಡುತ್ತಿದೆ.

4. ಸುಟ್ಟ ಗಾಯ: ಮಂಡಿಯ ಹಿಂಭಾಗದ ಚರ್ಮ ಸುಟ್ಟರೆ ಮಾಯುವಾಗ ಅದು ಕುಗ್ಗಿ ಕಾಲನ್ನು ಎಳೆಯುತ್ತದೆ. ಗಾಯ ಮಾಯುವವರೆಗೂ ಕಾಲನ್ನು ನೇರವಾಗಿ ಇರಿಸುವುದು ಅತ್ಯವಶ್ಯಕ.

5. ತೊಡೆಗೆ ಚುಚ್ಚುಮದ್ದು: ಇದರಿಂದಾಗುವ ಬಿಗಿತ ಮೇಲಿನವುಗಳಿಗೆ ತದ್ವಿರುದ್ಧ. ಎಳೆಯ ಮಕ್ಕಳ ತೊಡೆಗೆ ಪದೇ ಪದೇ ಔಷಧಿ ಚುಚ್ಚಿದಾಗ ಮುಂಭಾಗದ ಸ್ನಾಯು ನಾರುಗಟ್ಟಿ, ಮಂಡಿ ಮಡಿಚಲು ಬಾರದಂತಾಗುತ್ತದೆ. ಜಪಾನಿನಲ್ಲಿ 1970ರ ದಶಕದ ಆರಂಭದಲ್ಲಿ ಇಂಥ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಕಂಡುಬಂದು ಗದ್ದಲವೇ ಆಯಿತು. ಲಸಿಕೆಗಳಿಗೆ ಹೆದರಬೇಕಾಗಿಲ್ಲ, ಅವು ಕೆಲವೇ ಸಲ ಕೊಡುವಂಥವು. ಸಣ್ಣಪುಟ್ಟ ಜ್ವರಕ್ಕೆಲ್ಲ ಸೂಜಿಯೇ ಬೇಕೆಂದು ಹಟ ಹಿಡಿಯುವುದನ್ನು ಬಿಡಬೇಕು.

6. ಸಂಧಿವಾತ ಮತ್ತು ಸವೆತ: ವಯಸ್ಸಾದವರಲ್ಲಿ ಮೃದ್ವಸ್ಥಿ ಸವೆದು, ಕಾಲು ಪೂರ್ತಿ ನೀಡಲಾಗದೆ ಕ್ರಮೇಣ ಬಾಗು ಉಳಿಯುತ್ತದೆ. ನಡುವಯಸ್ಸಿನ ಹೆಂಗಸರಲ್ಲಿ ಬೆಳಗಿನ ಹೊತ್ತು ಕೈಬೆರಳು, ಮಂಡಿಗಳು ಒಂದು ಗಂಟೆಗೂ ಹೆಚ್ಚು ಕಾಲ ಬಿಗಿದಿದ್ದರೆ ರುಮಟಾಯಿಡ್ ಸಂಧಿವಾತವಿರಬಹುದು. ಇದಕ್ಕೆ ಬೇಗ ಔಷಧಿ ಆರಂಭಿಸಿದಷ್ಟೂ ಕೀಲು ಉಳಿಯುತ್ತದೆ.

ನೀರು ಮತ್ತು ವಂಶ: ನಮ್ಮ ನಾಡಿನ ಎರಡು ನಿದರ್ಶನಗಳು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಕೊಪ್ಪಳ, ರಾಯಚೂರು ಮುಂತಾದ ಬಯಲುಸೀಮೆಯ ಕಡೆಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ಕಂಡುಬಂದಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು. ಬೇರೆ ನೀರಿಲ್ಲದ ಕಡೆ 1.5 ಮಿಲಿಗ್ರಾಂ ಕೊನೆಯ ಮಿತಿ. ಇದಕ್ಕಿಂತ ಬಹಳ ಹೆಚ್ಚಿನ ಪ್ರಮಾಣ ವರ್ಷಗಟ್ಟಲೆ ದೇಹ ಸೇರಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಕ್ರಮೇಣ ಮೂಳೆಗಳು ಗಡಸಾಗಿ, ಕೀಲಿನ ಸುತ್ತಲಿನ ಕಟ್ಟುಗಳಲ್ಲಿ ಸುಣ್ಣ ಸೇರಿ ಬೆನ್ನು, ಸೊಂಟ, ಮಂಡಿಗಳು ಬಿಗಿಯುತ್ತವೆ. ಮಂಡಿಗಳು ಒಂದಕ್ಕೊಂದು ತಾಗುವಂತೆ ಕಾಲು ಸೊಟ್ಟಗಾಗುವ ಬಗೆಯೊಂದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 1973ರಲ್ಲಿ ವರದಿ ಮಾಡಿದರು.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸುವುದು, ಅಡಿಗೆಗೂ ಕುಡಿಯಲೂ ಮಳೆನೀರು ಅಥವಾ ಶುದ್ಧೀಕರಿಸಿದ ನೀರನ್ನು ಬಳಸುವುದು ಇದಕ್ಕಿರುವ ಪರಿಹಾರ. ದನಗಳಿಗೂ ಇದೇ ನೀರು ಕುಡಿಸುತ್ತಿದ್ದರೆ ಅವುಗಳ ಹಲ್ಲು ಕಲೆಗಟ್ಟಿ ಸವೆದು, ಕಾಲು ಕುಂಟುವುದುಂಟು. ಊರಿನ ದನಗಳೂ ಮಕ್ಕಳೂ ಒಂದೇ ರೀತಿಯ ಲಕ್ಷಣ ತೋರಿಸಿದರೆ ವಿಸ್ತರಣಾ ಕಾರ್ಯಕರ್ತರು ಮೊದಲು ನೀರಿನ ಕಡೆ ಗಮನ ಹರಿಸಬೇಕು.

ಎರಡನೆಯದು ಮಲೆನಾಡಿನ ನಿದರ್ಶನ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1974-75ರ ಸುಮಾರಿಗೆ ಒಂದು ವಿಚಿತ್ರ ಕೀಲುರೋಗ ಬೆಳಕಿಗೆ ಬಂದಿತು. ಕೂಲಿ ಮಾಡಿ ಬದುಕುವ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ಕುಟುಂಬಗಳಲ್ಲಿ ಸೊಂಟದ ಮತ್ತು ಮಂಡಿಯ ಕೀಲುಗಳು ನೋಯುತ್ತಾ, ಬಿಗಿಯುತ್ತಾ ಹೋಗಿ, ದುಡಿಯುವ ವಯಸ್ಸಿನವರು ಕೋಲು ಹಿಡಿಯುವಂತಾಯಿತು. ಕೆಲವರ ಬೆಳವಣಿಗೆಯೂ ಕುಂಠಿತವಾಗಿತ್ತು. ಕೀಟನಾಶಕ ಸಿಂಪಡಿಸಿದ ಗದ್ದೆಗಳ ಏಡಿ ತಿಂದದ್ದೇ ಕಾರಣವಿರಬಹುದೆಂದು ಮೊದಲಲ್ಲಿ ಶಂಕಿಸಲಾಯಿತು. ಮುಂದಿನ ಅಧ್ಯಯನಗಳು ಇದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವ ವಂಶವಾಹಿ ದೋಷವೆಂದು ಸೂಚಿಸಿದವು. ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬ ಪ್ರದೇಶದಲ್ಲಿಯೂ ಇದನ್ನು ಹೋಲುವ ಕೀಲುರೋಗವಿದೆ.

ಇದು ಅಂಟುರೋಗವಲ್ಲ. ಇಂಥ ಮನೆಯವರ ಜೊತೆ ಕೂತು ಉಣ್ಣುವುದರಿಂದ, ಒಂದೇ ಗದ್ದೆಯಲ್ಲಿ ದುಡಿಯುವುದರಿಂದ ಯಾರಿಗೂ ಬರುವುದಿಲ್ಲ. ರೋಗಿಯನ್ನು ದೂರವಿಡುವುದು ರೋಗಕ್ಕಿಂತ ದೊಡ್ಡ ಅನ್ಯಾಯವೆಂಬುದನ್ನು ಎಲ್ಲರೂ ಮನಗಾಣಬೇಕು.

ಕರುವಿನ ಕಾಲಿನಿಂದ ಒಂದು ಪಾಠ

ಕೆಲವು ಕರುಗಳು ಹುಟ್ಟುವಾಗಲೇ ಮುಂಗಾಲು ಮಡಿಚಿಕೊಂಡಿರುತ್ತವೆ. ನಾವು ದನದ ಮುಂಗಾಲಿನ ಮಂಡಿ ಎಂದು ಕರೆಯುವ ಕೀಲು ವಾಸ್ತವವಾಗಿ ನಮ್ಮ ಮಣಿಕಟ್ಟಿಗೆ ಸಮನಾದದ್ದು. ನಮ್ಮ ಮಂಡಿಗೆ ಸಮನಾದ ಕೀಲು ಅದರ ಹಿಂಗಾಲಿನಲ್ಲಿ, ಹೊಟ್ಟೆಯ ಹತ್ತಿರ ಇದೆ. ಹಾಗಿದ್ದರೂ ಬಿಗಿತದ ನಿಯಮ ಎರಡಕ್ಕೂ ಒಂದೇ.

ಕೈಯಿಂದ ಮೆಲ್ಲನೆ ನೀಡಿದರೆ ಕಾಲು ನೇರವಾಗುವಂತಿದ್ದರೆ ಕರು ಗುಣವಾಗುವ ಭರವಸೆ ಹೆಚ್ಚು. ಪಶುವೈದ್ಯರು ಕಾಲಿಗೆ ಹತ್ತಿ ಸುತ್ತಿ, ಉದ್ದಕ್ಕೆ ಸೀಳಿದ ಪಿ.ವಿ.ಸಿ. ಪೈಪು ಅಥವಾ ಬಿದಿರಿನ ದಬ್ಬೆ ಕಟ್ಟುತ್ತಾರೆ. ಅದನ್ನು ಆಗಾಗ ಬಿಚ್ಚಿ, ಹುಣ್ಣಾಗಿದೆಯೇ ಎಂದು ನೋಡಿ ಮತ್ತೆ ಕಟ್ಟಬೇಕು. ಕರು ತಾನಾಗಿ ಮೊಲೆಯುಣ್ಣಲಾರದ್ದರಿಂದ ಗಿಣ್ಣುಹಾಲನ್ನು ಹುಟ್ಟಿದ ಕೆಲವೇ ಗಂಟೆಗಳೊಳಗೆ ಕುಡಿಸಬೇಕು. ಮೊದಲ ದಿನಗಳಲ್ಲೇ ಹೀಗೆ ಮಾಡಿದ ಕರುಗಳಲ್ಲಿ ಅನೇಕವು ಒಂದೆರಡು ವಾರಗಳಲ್ಲಿ ನೆಟ್ಟಗೆ ನಿಲ್ಲುತ್ತವೆ. ನೋಡೋಣವೆಂದು ತಿಂಗಳು ಬಿಟ್ಟರೆ ಅದೇ ಕಾಲು ಗಟ್ಟಿಯಾಗಿಬಿಡುತ್ತದೆ. ಕರುವಿಗೆ ತೋರುವ ಈ ಆತುರವನ್ನು ಮನೆಯವರ ಮಂಡಿಗೂ ತೋರಬೇಕು.

ಮನೆಯಲ್ಲಿಯೇ ಪರೀಕ್ಷೆ

ರೋಗಿಯನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಎರಡೂ ಕಾಲು ನೀಡಿಸಿ. ಮಂಡಿಯ ಹಿಂಭಾಗ ನೆಲಕ್ಕೆ ತಾಗುವಂತೆ ಒತ್ತಲು ಹೇಳಿ. ಒಳ್ಳೆಯ ಕಾಲು ತಾಗಿ, ನೋವಿನ ಕಾಲಿನ ಕೆಳಗೆ ಅಂಗೈ ತೂರುವಷ್ಟು ಸಂದು ಉಳಿದರೆ ಬಿಗಿತ ಆರಂಭವಾಗಿದೆಯೆಂದು ತಿಳಿಯಬೇಕು. ವಾರಕ್ಕೊಮ್ಮೆ ಹೀಗೆ ನೋಡಿದರೆ ಸಂದು ಹೆಚ್ಚುತ್ತಿದೆಯೇ ಕಡಿಮೆಯಾಗುತ್ತಿದೆಯೇ ಎಂಬುದು ಗೊತ್ತಾಗುತ್ತದೆ.

ಕಾಲು ತಿರುಚಿದ ಕೂಡಲೇ ಮಂಡಿ ಥಟ್ಟನೆ ಸಿಕ್ಕಿಹಾಕಿಕೊಂಡು ನೇರವಾಗದಿದ್ದರೆ ಅದು ಬಿಗಿತವಲ್ಲ. ಒಳಗಿನ ಮೆತ್ತೆ ಹರಿದು ಅಡ್ಡ ಸಿಲುಕಿರಬಹುದು. ಅದನ್ನು ಬಲವಂತವಾಗಿ ಎಳೆಯದೆ ವೈದ್ಯರಿಗೆ ತೋರಿಸಬೇಕು.

ಮಾಡಬೇಕಾದುದು

ಕೆಳಗಿನ ಕ್ರಮಗಳನ್ನು, ಮೂಳೆ ಮುರಿದಿದ್ದರೆ ಅಥವಾ ಶಸ್ತ್ರಕ್ರಿಯೆಯಾಗಿದ್ದರೆ, ಚಿಕಿತ್ಸೆ ಮಾಡಿದ ವೈದ್ಯರ ಒಪ್ಪಿಗೆ ಪಡೆದೇ ಆರಂಭಿಸಬೇಕು.

1. ಮಂಡಿಯ ಕೆಳಗೆ ದಿಂಬು ಇಡಬಾರದು. ಊತ ಇಳಿಸಲು ಕಾಲು ಎತ್ತರಿಸಬೇಕಾದರೆ ದಿಂಬನ್ನು ಹಿಮ್ಮಡಿಯ ಕೆಳಗೆ ಇಡಿ. ಆಗ ಮಂಡಿ ತನ್ನ ಭಾರದಿಂದಲೇ ನೇರವಾಗುತ್ತದೆ.

2. ಸುರುಳಿ ಸುತ್ತಿದ ಟವೆಲ್ಲನ್ನು ಹಿಮ್ಮಡಿಯ ಕೆಳಗಿಟ್ಟು, ಮಂಡಿಯನ್ನು ಕೆಳಕ್ಕೆ ಒತ್ತಿ, ತೊಡೆ ಬಿಗಿದು, ಐದು ಎಣಿಸುವವರೆಗೆ ಹಿಡಿದು ಬಿಡಬೇಕು. ಒಂದು ಸಲಕ್ಕೆ ಹತ್ತರಂತೆ, ದಿನಕ್ಕೆ ಮೂರು ನಾಲ್ಕು ಸಲ ಮಾಡಬೇಕು.

3. ಪಾದಗಳು ಮಂಚದ ತುದಿಯಿಂದ ಹೊರಗೆ ಬರುವಂತೆ ಬೋರಲು ಮಲಗಿ ಹತ್ತು ನಿಮಿಷ ಇರುವುದೂ ಒಳ್ಳೆಯದು.

4. ನೋವು ಹೆಚ್ಚಾಗಿದ್ದರೆ ವೈದ್ಯರು ಕೊಟ್ಟ ಔಷಧಿ ತೆಗೆದುಕೊಂಡು ವ್ಯಾಯಾಮ ಮಾಡಬೇಕು. ನೋವಿದೆಯೆಂದು ವ್ಯಾಯಾಮವನ್ನೇ ಬಿಡಬಾರದು.

5. ಎರಡು ವಾರ ಕಳೆದರೂ ಸಂದು ಕಡಿಮೆಯಾಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಮೂಳೆ ತಜ್ಞರನ್ನು ಕಾಣಬೇಕು.

ಹಳೆಯ ಬಿಗಿತಕ್ಕೆ ತಜ್ಞರು ಹಂತಹಂತವಾಗಿ ಪಟ್ಟಿ ಹಾಕುತ್ತಾರೆ. ಕೆಲವು ದಿನಕ್ಕೊಮ್ಮೆ ಪಟ್ಟಿ ಬದಲಿಸಿ, ಪ್ರತಿ ಸಲವೂ ಕಾಲನ್ನು ಸ್ವಲ್ಪ ಸ್ವಲ್ಪವೇ ನೇರಮಾಡುತ್ತಾ ಬರುತ್ತಾರೆ. ಅದರಿಂದ ಸಾಧ್ಯವಾಗದಿದ್ದರೆ ಗಿಡ್ಡವಾದ ಸ್ನಾಯುರಜ್ಜು ಉದ್ದಮಾಡುವ, ಪೊರೆ ಬಿಡಿಸುವ ಶಸ್ತ್ರಕ್ರಿಯೆಗಳಿವೆ. ಕೀಲು ಪೂರ್ತಿ ಸವೆದವರಿಗೆ ಕೃತಕ ಮಂಡಿ ಜೋಡಣೆಯೂ ಇದೆ. ಬೆಂಗಳೂರಿನಲ್ಲಿ 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆ ಮತ್ತು ಸಂಜಯ ಗಾಂಧಿ ಅಪಘಾತ ಹಾಗೂ ಮೂಳೆ ಚಿಕಿತ್ಸಾ ಸಂಸ್ಥೆಗಳು ಸರ್ಕಾರಿ ಸೌಲಭ್ಯಗಳು.

ಮಾಡಬಾರದುದು

ಬಿಗಿದ ಮಂಡಿಯ ಮೇಲೆ ಕುಳಿತು ಅಥವಾ ತುಳಿದು ಒಂದೇ ಸಲಕ್ಕೆ ನೇರಮಾಡಲು ಹೋಗಬಾರದು. ಬಹಳ ದಿನ ಮಲಗಿದವರ ಮೂಳೆ ಟೊಳ್ಳಾಗಿರುವುದರಿಂದ ಮುರಿಯಬಹುದು, ಹಿಂಭಾಗದ ನರ ಮತ್ತು ರಕ್ತನಾಳಗಳಿಗೆ ಪೆಟ್ಟಾಗಬಹುದು. ಯಾರೇ ಕಟ್ಟು ಕಟ್ಟಲಿ, ಕಾಲ್ಬೆರಳು ಊದಿ, ತಣ್ಣಗಾಗಿ, ನೀಲಿಗಟ್ಟಿದರೆ ಅಥವಾ ಜೋಮು ಹಿಡಿದರೆ ಕೂಡಲೇ ಸಡಿಲಿಸಿ ಆಸ್ಪತ್ರೆಗೆ ಹೋಗಬೇಕು. ಜ್ವರವಿದ್ದು ಊದಿದ ಮಂಡಿಗೆ ಎಣ್ಣೆ ಹಚ್ಚಿ ತಿಕ್ಕುತ್ತಾ ಕಾಲ ಕಳೆಯಬಾರದು.

ಬಿಗಿತ ಶಾಶ್ವತವಾಗಿ ಉಳಿದವರು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ವೈದ್ಯಕೀಯ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು. ಆಶಾ ಕಾರ್ಯಕರ್ತೆಯರು ಮತ್ತು ವಿಸ್ತರಣಾ ಕಾರ್ಯಕರ್ತರು ಇದಕ್ಕೆ ನೆರವಾಗಬೇಕು.

ಬಿನ್ನಿಪೇಟೆಯಿಂದ ಕುಂಟುತ್ತಾ ಊರಿಗೆ ಹೋದ ಆ ರೈತರು ಕೊನೆಗೆ ತಜ್ಞರ ಬಳಿಗೆ ಹೋದರು. ನಾಲ್ಕು ತಿಂಗಳು ಪಟ್ಟಿ ಮತ್ತು ವ್ಯಾಯಾಮದ ನಂತರ ಅವರ ಕಾಲು ಬಹುಮಟ್ಟಿಗೆ ನೇರವಾಗಿದೆ. ಈಗ ಕೋಲಿಲ್ಲದೆ ಹೊಲಕ್ಕೆ ಹೋಗುತ್ತಾರೆ. ಕುಕ್ಕರುಗಾಲಿನಲ್ಲಿ ಕೂರಲು ಮಾತ್ರ ಆಗದು, ಮಣೆ ಹಾಕಿಕೊಂಡು ಹಾಲು ಕರೆಯುತ್ತಾರೆ. ಆ ವರ್ಷದ ರಾಗಿಯನ್ನು ಕೂಲಿ ಕೊಟ್ಟು ಕೊಯ್ಲು ಮಾಡಿಸಬೇಕಾಯಿತು. ಮೊದಲ ತಿಂಗಳಲ್ಲಿಯೇ ದಿಂಬು ಮಂಡಿಯಿಂದ ಹಿಮ್ಮಡಿಗೆ ಸರಿದಿದ್ದರೆ ಈ ಕಷ್ಟದಲ್ಲಿ ಬಹುಪಾಲು ತಪ್ಪುತ್ತಿತ್ತು. ನಿಮ್ಮ ಮನೆಯಲ್ಲಿ ಯಾರಾದರೂ ಕಾಲು ನೋವಿನಿಂದ ಮಲಗಿದ್ದರೆ ಇಂದೇ ಅವರ ದಿಂಬು ಎಲ್ಲಿದೆ ಎಂಬುದನ್ನು ನೋಡಿರಿ.